ಆಕಾಶದಿಂದ ತೋಟ ನೋಡಿದ ಪಿಷಾರೋಟಿ: ಹಳದಿ ಎಲೆಗೆಲ್ಲ ಗೊಬ್ಬರವೇ ಮದ್ದೇ?

ಶಿರಸಿ ತಾಲ್ಲೂಕಿನ ಗುಡ್ನಾಪುರವಿರಲಿ, ಸಿದ್ದಾಪುರ, ಯಲ್ಲಾಪುರವಿರಲಿ, ಅಡಿಕೆ ಸೋಗೆ ಹಳದಿಯಾದರೆ ಮೊದಲು ಬರುವ ಮಾತು: ಗೊಬ್ಬರ ಸಾಲದು. ಉಪಗ್ರಹ ಚಿತ್ರ ನೋಡಿದರೆ ಯಾವ ಪೋಷಕಾಂಶ ಕಡಿಮೆ ಎಂದು ತಿಳಿಯುತ್ತದೆ ಎಂಬ ನಂಬಿಕೆಯೂ ಈಗ ಸೇರಿಕೊಂಡಿದೆ. ಎರಡೂ ಅರ್ಧ ಸತ್ಯ. ಭಾರತದಲ್ಲಿ ದೂರಸಂವೇದಿ ವಿಜ್ಞಾನಕ್ಕೆ ತಳಪಾಯ ಹಾಕಿದವರ ಬದುಕು ಇದನ್ನು ಚೆನ್ನಾಗಿ ತಿಳಿಸುತ್ತದೆ.

ಪಿ. ಆರ್. ಪಿಷಾರೋಟಿ ಹುಟ್ಟಿದ್ದು 1909ರಲ್ಲಿ, ಕೇರಳದ ಕೊಲ್ಲಂಗೋಡಿನಲ್ಲಿ. ಮದ್ರಾಸಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅವರು ರಜೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸಿ. ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡುತ್ತಿದ್ದರು. 1942ರಲ್ಲಿ ಹವಾಮಾನ ಇಲಾಖೆ ಸೇರಿದರು. 1954ರಲ್ಲಿ ಅಮೆರಿಕದಲ್ಲಿ ಡಾಕ್ಟರೇಟ್ ಪಡೆದರು. 1962ರಲ್ಲಿ ಪುಣೆಯಲ್ಲಿ ಆರಂಭವಾದ ಉಷ್ಣವಲಯ ಹವಾಮಾನ ಸಂಸ್ಥೆಗೆ ಮೊದಲ ನಿರ್ದೇಶಕರಾದರು. ನಿವೃತ್ತಿಯಾದ ಮೇಲೆ ವಿಕ್ರಮ್ ಸಾರಾಭಾಯಿ ಅವರನ್ನು ಅಹಮದಾಬಾದಿಗೆ ಕರೆಸಿಕೊಂಡರು.

ಆಗ ಕೇರಳದ ತೆಂಗಿಗೆ ಬೇರು ಸೊರಗು ರೋಗ ಬಡಿದಿತ್ತು. ಬರಿಗಣ್ಣಿಗೆ ಕಾಣುವಷ್ಟರಲ್ಲಿ ಮರ ಸೊರಗಿರುತ್ತಿತ್ತು. 1970ರ ಹೊತ್ತಿಗೆ ಪಿಷಾರೋಟಿಯವರ ತಂಡ ಹೆಲಿಕಾಪ್ಟರ್ ಏರಿ, ಅವಕೆಂಪು ಬೆಳಕನ್ನು ಹಿಡಿಯುವ ಫಿಲ್ಮಿನಲ್ಲಿ ತೋಟಗಳ ಚಿತ್ರ ತೆಗೆಯಿತು. ಭಾರತದ ದೂರಸಂವೇದಿಯ ಚರಿತ್ರೆ ಶುರುವಾಗುವುದು ಇಲ್ಲಿಂದಲೇ.

ಇದು ಹೇಗೆ ಸಾಧ್ಯ? ಎಲೆಯ ಪತ್ರಹರಿತ್ತು ಕೆಂಪು ಬೆಳಕನ್ನು ಹೀರುತ್ತದೆ. ಎಲೆಯೊಳಗಿನ ಜೀವಕೋಶಗಳ ರಚನೆ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹೆಚ್ಚಾಗಿ ಹಿಂದಕ್ಕೆ ಚೆಲ್ಲುತ್ತದೆ. ಗಿಡ ಬಳಲಿದರೆ ಈ ಎರಡರ ಅಳತೆ ಬದಲಾಗುತ್ತದೆ. ಸಾರಜನಕ ಕಡಿಮೆಯಾದರೆ ಪತ್ರಹರಿತ್ತು ಇಳಿಯುವುದರಿಂದ ಪೋಷಕಾಂಶದ ಕೊರತೆಯನ್ನೂ ಇದೇ ಬೆಳಕಿನಿಂದ ಅಂದಾಜು ಮಾಡುತ್ತಾರೆ.

ಆದರೆ ನೀರು ನಿಂತು ಬೇರು ಕೊಳೆತರೂ, ರೋಗ ತಗುಲಿದರೂ ಎಲೆ ಹಳದಿಯಾಗುತ್ತದೆ. ತೆಂಗಿನ ಬೇರು ಸೊರಗಿಗೂ ಅಡಿಕೆಯ ಹಳದಿ ಎಲೆ ರೋಗಕ್ಕೂ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣ. ಅಲ್ಲಿ ಎಷ್ಟು ಗೊಬ್ಬರ ಸುರಿದರೂ ರೋಗ ವಾಸಿಯಾಗದು, ಹಣವಷ್ಟೇ ಹೋಗುತ್ತದೆ. ಬೆಳಕು ತೋಟದ ಯಾವ ಭಾಗ ಬಳಲಿದೆ ಎಂದು ತೋರಿಸುತ್ತದೆ. ಯಾಕೆ ಬಳಲಿದೆ ಎಂಬುದನ್ನು ಮಣ್ಣು, ಎಲೆಗಳ ಪರೀಕ್ಷೆಯೇ ಹೇಳಬೇಕು.

ಇನ್ನೊಂದು ಮಿತಿಯೂ ಇದೆ. ಇಂದು ಉಚಿತವಾಗಿ ಸಿಗುವ ಉಪಗ್ರಹ ಚಿತ್ರದ ಒಂದು ಚುಕ್ಕೆ ಎಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. 2.7 ಮೀಟರಿಗೊಂದರಂತೆ ನೆಟ್ಟ ತೋಟದಲ್ಲಿ ಅಷ್ಟು ಜಾಗದಲ್ಲಿ 13-14 ಅಡಿಕೆ ಮರಗಳಿರುತ್ತವೆ. ಜೊತೆಗೆ ಬಾಳೆ, ಕಾಳುಮೆಣಸು, ಏಲಕ್ಕಿ. ಎಲ್ಲದರ ಬೆಳಕೂ ಬೆರೆತೇ ಮೇಲೆ ಹೋಗುತ್ತದೆ.

1988ರಲ್ಲಿ ಭಾರತದ ಮೊದಲ ಪೂರ್ಣಪ್ರಮಾಣದ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಹಾರಿದ್ದನ್ನು ಪಿಷಾರೋಟಿ ಕಂಡರು. ಮರುವರ್ಷ ವಿಶ್ವ ಹವಾಮಾನ ಸಂಸ್ಥೆ ಅವರಿಗೆ ತನ್ನ ಅತ್ಯುನ್ನತ ಪ್ರಶಸ್ತಿ ನೀಡಿತು. 2002ರಲ್ಲಿ ತೀರಿಕೊಂಡರು. ಅವರು ತೋರಿಸಿದ ದಾರಿಯಿಂದ ಇಂದಿನ ಬೆಳೆಗಾರರಿಗೆ ಸಿಗುವ ಉಪಯೋಗ ಇಷ್ಟು: ಚಿತ್ರದಲ್ಲಿ ಮಂಕಾಗಿ ಕಂಡ ಜಾಗಕ್ಕೆ ಮೊದಲು ಹೋಗಿ, ಅಲ್ಲಿನ ಮಣ್ಣು, ಎಲೆ ಪರೀಕ್ಷೆ ಮಾಡಿಸಿ. ಗೊಬ್ಬರದ ಚೀಲ ಬಿಚ್ಚುವುದು ಆಮೇಲೆ.