ಡಾ. ಲೆಸ್ಲಿ ಕೋಲ್ಮನ್ (1878–1954): ಮಣ್ಣಿನ ಜೀವಾಣುಗಳಿಂದ ಮೈಸೂರಿನ ಹೊಲಗಳವರೆಗೆ

ಮಣ್ಣು ಪರೀಕ್ಷೆ ಮತ್ತು ರಸಗೊಬ್ಬರ ಶಿಫಾರಸಿಗಾಗಿ ಅರ್ಜಿ ಸಲ್ಲಿಸುವ ರೈತ ಬಾಂಧವರ ಹಾಗೂ ಸಾರ್ವಜನಿಕರ ಅವಗಾಹನೆಗಾಗಿ, ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಅವರ ಜೀವನ ಹಾಗೂ ಸೇವೆಯ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಶ್ರೀಯುತರು 1878ರಲ್ಲಿ ಕೆನಡಾ ದೇಶದ ಒಂಟಾರಿಯೋ ಪ್ರಾಂತ್ಯದಲ್ಲಿ ಜನಿಸಿದರು. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದ ನಂತರ ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಉನ್ನತ ಸಂಶೋಧನೆ ಕೈಗೊಂಡರು. ನೈಟ್ರೀಕರಣವನ್ನು, ಅಂದರೆ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳು ಅಮೋನಿಯಾ ರೂಪದ ಸಾರಜನಕವನ್ನು ನೈಟ್ರೇಟ್ ಆಗಿ ಪರಿವರ್ತಿಸುವ ಕ್ರಿಯೆಯನ್ನು ಕುರಿತ ಅವರ ಪ್ರಬಂಧವು 1908ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು.

ಮೈಸೂರು ಸಂಸ್ಥಾನದಲ್ಲಿ ಸೇವೆ

ಸಂಸ್ಥಾನದಲ್ಲಿ ಕೃಷಿ ಸಂಶೋಧನೆಗೆ ಇದಕ್ಕೂ ಮೊದಲೇ ಅಡಿಪಾಯ ಹಾಕಲಾಗಿತ್ತು. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಜಮೀನನ್ನು ಪ್ರಾಯೋಗಿಕ ಕ್ಷೇತ್ರಕ್ಕಾಗಿ ನೀಡಿದ್ದರು. ಕೃಷಿ ರಸಾಯನಶಾಸ್ತ್ರಜ್ಞರಾದ ಡಾ. ಲೆಹ್ಮನ್ ಅವರು ಮಣ್ಣು ಮತ್ತು ಬೆಳೆಗಳ ಸಂಬಂಧ ಕುರಿತ ಸಂಶೋಧನೆಯನ್ನು ಪ್ರಾರಂಭಿಸಿದ್ದರು. 1908ರಲ್ಲಿ ಕೋಲ್ಮನ್ ಅವರು ಶಿಲೀಂಧ್ರ ಹಾಗೂ ಕೀಟಶಾಸ್ತ್ರಜ್ಞರಾಗಿ ಸೇವೆಗೆ ಸೇರಿದರು.

ಆ ಕಾಲದಲ್ಲಿ ಮಲೆನಾಡಿನ ಅಡಿಕೆ ತೋಟಗಳು ಕೊಳೆರೋಗದಿಂದ ಅಪಾರ ನಷ್ಟ ಅನುಭವಿಸುತ್ತಿದ್ದವು. ಕೋಲ್ಮನ್ ಅವರು ರೋಗಕಾರಕ ಶಿಲೀಂಧ್ರವನ್ನು ಅಭ್ಯಸಿಸಿ 1910ರಲ್ಲಿ ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣದಿಂದ ತಯಾರಿಸುವ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಕಡಿಮೆ ಖರ್ಚಿನ ವಿಧಾನವನ್ನು ಬಳಕೆಗೆ ತಂದರು. ಬೆಳೆಗಾರರು ಇಂದಿಗೂ ಈ ದ್ರಾವಣವನ್ನು ಬಳಸುತ್ತಿದ್ದಾರೆ.

ಮುಂದೆ ಕೃಷಿ ನಿರ್ದೇಶಕರಾದ ಶ್ರೀಯುತರ ಅವಧಿಯಲ್ಲಿ, 1913ರಲ್ಲಿ, ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರ ಆಸಕ್ತಿಯಿಂದ ಹೆಬ್ಬಾಳದಲ್ಲಿ ಕೃಷಿ ಶಾಲೆಯನ್ನು ಸ್ಥಾಪಿಸಲಾಯಿತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರವು ಅಸ್ತಿತ್ವಕ್ಕೆ ಬಂದಿತು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಗುವಲ್ಲಿಯೂ ಅವರ ಪರಿಶ್ರಮವಿದೆ. ನಡುವೆ ಕೆಲಕಾಲ ಕೆನಡಾಕ್ಕೆ ಹಿಂತಿರುಗಿದ್ದನ್ನು ಬಿಟ್ಟರೆ 1934ರವರೆಗೂ ಸಂಸ್ಥಾನದ ಸೇವೆಯಲ್ಲಿದ್ದರು. 1954ರಲ್ಲಿ ಕೆನಡಾದಲ್ಲಿ ನಿಧನರಾದರು.

ಅವರ ಅಧ್ಯಯನ ವಿಷಯದ ಇಂದಿನ ಮಹತ್ವ

ಕೋಲ್ಮನ್ ಅವರು ಸಂಸ್ಥಾನವನ್ನು ಬಿಟ್ಟ ನಂತರ, 1930ರ ದಶಕದ ಕೊನೆಯ ಭಾಗದಲ್ಲಿ, ಮೈಸೂರಿನ ಸಮೀಪದ ಬೆಳಗೊಳದಲ್ಲಿ ಅಮೋನಿಯಂ ಸಲ್ಫೇಟ್ ಗೊಬ್ಬರದ ತಯಾರಿಕೆ ಆರಂಭವಾಯಿತು. ಸ್ವಾತಂತ್ರ್ಯಾನಂತರ ಯೂರಿಯಾ ಬಳಕೆಯು ಹಳ್ಳಿಹಳ್ಳಿಗೂ ವ್ಯಾಪಿಸಿತು. ಶ್ರೀಯುತರು ಯೌವನದಲ್ಲಿ ಅಭ್ಯಸಿಸಿದ ನೈಟ್ರೀಕರಣ ಕ್ರಿಯೆಯು ಹೀಗೆ ಪ್ರತಿಯೊಬ್ಬ ರೈತನ ಹೊಲಕ್ಕೂ ಸಂಬಂಧಿಸಿದ ವಿಷಯವಾಯಿತು.

ಮಣ್ಣಿಗೆ ಹಾಕಿದ ಯೂರಿಯಾವು ಯೂರಿಯೇಸ್ ಎಂಬ ಕಿಣ್ವದಿಂದ ವಿಭಜನೆಗೊಂಡು ಅಮೋನಿಯಂ ಆಗುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಆಗಿ ಪರಿವರ್ತಿಸುವಾಗ ಆಮ್ಲವು ಬಿಡುಗಡೆಯಾಗುತ್ತದೆ. ಬೆಳೆ ಬಳಸದೆ ಉಳಿದ ನೈಟ್ರೇಟ್ ಮಳೆನೀರಿನೊಡನೆ ಬಸಿದುಹೋಗುವಾಗ ಸುಣ್ಣದ ಅಂಶವನ್ನೂ ಮೆಗ್ನೀಸಿಯಂ ಅನ್ನೂ ಜೊತೆಗೆ ಒಯ್ಯುತ್ತದೆ. ಇದರಿಂದ ಮಣ್ಣಿನ ರಸಸಾರವು ವರ್ಷದಿಂದ ವರ್ಷಕ್ಕೆ ಕುಸಿಯುತ್ತದೆ. ಅಮೋನಿಯಂ ಸಲ್ಫೇಟ್ ಬಳಕೆಯಲ್ಲಿ ಈ ಪರಿಣಾಮವು ಇನ್ನೂ ಹೆಚ್ಚು. ರಸಸಾರವು 5.5ಕ್ಕಿಂತ ಕಡಿಮೆಯಾದಲ್ಲಿ ಅಲ್ಯೂಮಿನಿಯಂ ಕರಗಿ ಬೇರುಗಳಿಗೆ ಹಾನಿ ಮಾಡುತ್ತದೆ. ರಂಜಕವು ಕಬ್ಬಿಣ ಹಾಗೂ ಅಲ್ಯೂಮಿನಿಯಂನೊಂದಿಗೆ ಸೇರಿ ಬೆಳೆಗೆ ದೊರೆಯದಂತಾಗುತ್ತದೆ.

ಮಣ್ಣಿನಲ್ಲಿರುವ ಫಾಸ್ಫಟೇಸ್ ಕಿಣ್ವವು ಸಾವಯವ ರೂಪದ ರಂಜಕವನ್ನು ಬೆಳೆಗೆ ಒದಗಿಸುತ್ತದೆ. ಡಿಹೈಡ್ರೋಜಿನೇಸ್ ಕಿಣ್ವವು ಜೀವಂತ ಸೂಕ್ಷ್ಮಜೀವಿಗಳ ಒಳಗೆ ಮಾತ್ರ ಕಾರ್ಯನಿರ್ವಹಿಸುವುದರಿಂದ ಮಣ್ಣಿನ ಜೀವಂತಿಕೆಯನ್ನು ಅಳೆಯಲು ಇದನ್ನು ಬಳಸಲಾಗುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಜಿಕೆವಿಕೆ ಆವರಣದ ಕೆಂಪು ಮಣ್ಣಿನಲ್ಲಿ, ರಾಗಿ ಮತ್ತು ಮುಸುಕಿನ ಜೋಳದ ಬೆಳೆಗಳ ಮೇಲೆ ದಶಕಗಳಿಂದ ದೀರ್ಘಾವಧಿ ಗೊಬ್ಬರ ಪ್ರಯೋಗ ನಡೆಸಲಾಗಿದೆ. ಸಾರಜನಕವನ್ನು ಮಾತ್ರ ನೀಡುತ್ತಾ ಬಂದ ತಾಕುಗಳಲ್ಲಿ ರಸಸಾರವೂ ಇಳುವರಿಯೂ ಕುಸಿದಿವೆ. ಸಮತೋಲನ ರಸಗೊಬ್ಬರದೊಂದಿಗೆ ಕೊಟ್ಟಿಗೆ ಗೊಬ್ಬರವನ್ನು ನೀಡಿದ ತಾಕುಗಳಲ್ಲಿ ಇಳುವರಿಯೂ ಕಿಣ್ವಗಳ ಚಟುವಟಿಕೆಯೂ ಉತ್ತಮವಾಗಿವೆ. ಆದ್ದರಿಂದ ದೋಷವು ರಸಗೊಬ್ಬರದಲ್ಲಿಲ್ಲ, ಅಸಮತೋಲನ ಬಳಕೆಯಲ್ಲಿದೆ.

ಬೋರ್ಡೋ ದ್ರಾವಣಕ್ಕೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಅದರಲ್ಲಿನ ತಾಮ್ರವು ಮಣ್ಣಿನಿಂದ ಸುಲಭವಾಗಿ ತೊಲಗುವುದಿಲ್ಲ. ಯೂರೋಪಿನ ಹಳೆಯ ದ್ರಾಕ್ಷಿ ತೋಟಗಳಲ್ಲಿ ಶೇಖರಣೆಗೊಂಡ ತಾಮ್ರವು ಮಣ್ಣಿನ ಜೀವಿಗಳನ್ನು ಕುಗ್ಗಿಸಿರುವುದು ಕಂಡುಬಂದಿದೆ. ಶಿಫಾರಸು ಮಾಡಿದ ಪ್ರಮಾಣವನ್ನು ಮೀರಬಾರದು.

ನಿಟ್ಟೂರು ಭಾಗದ ರೈತರ ಗಮನಕ್ಕೆ

ಗುಬ್ಬಿ ತಾಲ್ಲೂಕಿನ ನಿಟ್ಟೂರು ಹೋಬಳಿಯಲ್ಲಿ ರಾಗಿ, ತೆಂಗು ಮತ್ತು ಅಡಿಕೆ ಬೆಳೆಯಲಾಗುತ್ತಿದೆ. ಕೆಂಪು ಮಣ್ಣಿಗೆ ಆಮ್ಲೀಯತೆಯನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ ಇರುವುದರಿಂದ ಗೊಬ್ಬರ ಖರೀದಿಸುವ ಮೊದಲೇ ಮಣ್ಣು ಪರೀಕ್ಷೆ ಮಾಡಿಸುವುದು ಅಗತ್ಯ. ರಾಗಿಯಂತಹ ಬೆಳೆಗಳ ಹೊಲದಲ್ಲಿ ಹಲವು ಕಡೆ ‘ವಿ’ ಆಕಾರದ ಗುಂಡಿ ತೆಗೆದು, ಸುಮಾರು 15 ಸೆಂ.ಮೀ. ಆಳದವರೆಗಿನ ಮಣ್ಣನ್ನು ಸಂಗ್ರಹಿಸಿ, ಬೆರೆಸಿ, ಅರ್ಧ ಕಿಲೋ ಮಾದರಿಯನ್ನು ಸಿದ್ಧಪಡಿಸತಕ್ಕದ್ದು. ತೆಂಗು ಮತ್ತು ಅಡಿಕೆ ತೋಟಗಳಲ್ಲಿ ಇದಕ್ಕಿಂತ ಆಳದ ಮಣ್ಣೂ ಬೇಕಾಗುತ್ತದೆ. ಬದು, ಗೊಬ್ಬರದ ಗುಂಡಿ ಹಾಗೂ ಇತ್ತೀಚೆಗೆ ಗೊಬ್ಬರ ಹಾಕಿದ ಜಾಗಗಳಿಂದ ಮಾದರಿ ತೆಗೆಯಬಾರದು. ಹೆಸರು, ಗ್ರಾಮ, ಸರ್ವೆ ನಂಬರ್ ಮತ್ತು ಬೆಳೆಯ ವಿವರಗಳನ್ನು ಬರೆದ ಚೀಟಿಯನ್ನು ಮಾದರಿಯೊಂದಿಗೆ ಇಡತಕ್ಕದ್ದು. ಪರೀಕ್ಷಾ ವರದಿಯಲ್ಲಿ ಮೊದಲು ರಸಸಾರವನ್ನು ಗಮನಿಸಿ, ಅದು ಕಡಿಮೆ ಇದ್ದಲ್ಲಿ ಶಿಫಾರಸಿನಂತೆ ಕೃಷಿ ಸುಣ್ಣವನ್ನು ಬಳಸಬಹುದಾಗಿದೆ.

ಹೆಚ್ಚಿನ ಮಾಹಿತಿಗಾಗಿ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಲು ಕೋರಲಾಗಿದೆ.