ಸಮ್ರು ಬೇಗಂ: ಎರಡು ಮದುವೆ, ಒಂದು ಹೆಸರು

ಓಲ್ಡ್ ರಾಜಿಂದರ್ ನಗರದ ನಮ್ಮ ಪಿಜಿಯಲ್ಲಿ ಪಕ್ಕದ ಮಂಚದ ಗೆಳೆಯ ಮಂಗಳೂರು ಕಡೆಯ ಕ್ಯಾಥೊಲಿಕ್. ಅವನ ಅಕ್ಕ ಒಬ್ಬ ಹಿಂದೂ ಹುಡುಗನನ್ನು ರಿಜಿಸ್ಟರ್ ಮದುವೆಯಾದಳು. ಸರ್ಕಾರದ ಲೆಕ್ಕದಲ್ಲಿ ಅವರು ಗಂಡ ಹೆಂಡತಿ, ಚರ್ಚಿನ ಲೆಕ್ಕದಲ್ಲಿ ಅಲ್ಲ. ಬಿಷಪ್ಪರ ಅನುಮತಿ ಪಡೆಯದೆ, ಪಾದ್ರಿಯೂ ಇಬ್ಬರು ಸಾಕ್ಷಿಗಳೂ ಇಲ್ಲದೆ ಕ್ಯಾಥೊಲಿಕರು ಆದ ಮದುವೆ ಅಲ್ಲಿ ಅಸಿಂಧು. ಈಗ ಅಕ್ಕನಿಗೆ ಪೂಜೆಯಲ್ಲಿ ಪರಮಪ್ರಸಾದವಿಲ್ಲ, ತಾಯಿ ಫೋನಿನಲ್ಲಿ ಅಳ್ತಾರೆ. ಒಂದೇ ವ್ಯವಹಾರ ಒಂದು ಪುಸ್ತಕದಲ್ಲಿ ಜಮಾ, ಇನ್ನೊಂದರಲ್ಲಿ ಇಲ್ಲವೇ ಇಲ್ಲ ಅಂದ್ರೆ ಕಾಮರ್ಸ್ ಓದೋ ನನಗೆ ತಲೆ ಕೆಟ್ಟಿತು.

ಅದೇ ವಾರ ಬಲ್ಬ್ ಹೋಲ್ಡರ್ ತರಲು ಚಾಂದನಿ ಚೌಕದ ಭಾಗೀರಥ ಪ್ಯಾಲೇಸಿಗೆ ಹೋದೆವು. ವೈರು ಸುರುಳಿಗಳ ಹಿಂದೆ ದಪ್ಪ ದಪ್ಪ ಕಂಬಗಳು. ಅದು ಸಮ್ರು ಬೇಗಮಳ ಅರಮನೆಯಾಗಿತ್ತಂತೆ! ಅಲ್ಲಿಂದ ಬಂದ ಮೇಲೆ ಅವಳ ಕಥೆ ಹುಡುಕಿ ಓದಿದೆ.

ಮೊದಲ ಹೆಸರು ಫರ್ಜಾನಾ. ದೆಹಲಿಯಲ್ಲಿ ನರ್ತಕಿಯಾಗಿದ್ದಳೆಂದು ಹೆಚ್ಚಿನವರು ಬರೆಯುತ್ತಾರೆ. ಕೂಲಿ ಸೈನ್ಯ ಕಟ್ಟಿಕೊಂಡು ಅಲೆಯುತ್ತಿದ್ದ ವಾಲ್ಟರ್ ರೈನ್‌ಹಾರ್ಟ್ ಎಂಬ ಯುರೋಪಿಯನ್ನನ ಜೊತೆ ಹೋದಳು. ಅವನ ಅಡ್ಡಹೆಸರು ಸೋಂಬ್ರೆ, ನಮ್ಮವರ ಬಾಯಲ್ಲಿ ಸಮ್ರು. ಅವನಿಗೆ ಆಗಲೇ ಇನ್ನೊಬ್ಬ ಹೆಂಡತಿಯಿದ್ದಳು. ಸಾಲದ್ದಕ್ಕೆ ಫರ್ಜಾನಾಳಿಗೆ ಜ್ಞಾನಸ್ನಾನವೂ ಆಗಿರಲಿಲ್ಲ. ಚರ್ಚಿನ ಲೆಕ್ಕದಲ್ಲಿ ಇದು ಯಾವ ಕಡೆಯಿಂದ ನೋಡಿದರೂ ಮದುವೆಯಲ್ಲ. ಆದರೆ 1778ರಲ್ಲಿ ಅವನು ಆಗ್ರಾದಲ್ಲಿ ಸತ್ತಾಗ ಸೈನ್ಯ ಒಪ್ಪಿದ್ದು ಇವಳನ್ನೇ. ಮೀರತ್ ಬಳಿಯ ಸರ್ಧಾನಾ ಜಹಗೀರು ಇವಳ ಕೈಗೆ ಬಂತು. 1781ರಲ್ಲಿ ಆಗ್ರಾದಲ್ಲಿ ಜ್ಞಾನಸ್ನಾನ ಪಡೆದು ಜೊವಾನಾ ಆದಳು. ಯುದ್ಧಕ್ಕೆ ತಾನೇ ಹೋಗುತ್ತಿದ್ದಳು. ಚಕ್ರವರ್ತಿ ಎರಡನೆಯ ಷಾ ಆಲಂ ಅವಳನ್ನು ಮಗಳಂತೆ ಕಂಡ.

ಎರಡನೆಯ ಮದುವೆ 1793ರಲ್ಲಿ, ತನ್ನದೇ ಸೈನ್ಯದ ಫ್ರೆಂಚ್ ಅಧಿಕಾರಿ ಲೆವಾಸೂ ಜೊತೆ. ಈ ಸಲ ಪಾದ್ರಿ ಇದ್ದರು, ಸಾಕ್ಷಿಗಳೂ ಇದ್ದರು. ಟ್ರೆಂಟ್ ಮಹಾಸಭೆ 1563ರಲ್ಲಿ ಕೇಳಿದ್ದೆಲ್ಲ ಇತ್ತು. (ಆ ನಿಯಮ ಆಗ ಎಲ್ಲ ಊರಿಗೂ ಜಾರಿಯಾಗಿರಲಿಲ್ಲ, ಹೆಚ್ಚುಕಡಿಮೆ ಇಡೀ ಲೋಕಕ್ಕೆ ಅನ್ವಯವಾದದ್ದು 1908ರಲ್ಲಿ.) ಆದರೆ ಮದುವೆಯನ್ನು ಗುಟ್ಟಾಗಿಟ್ಟರು. ಸೈನಿಕರಿಗೆ ಲೆವಾಸೂ ಕಂಡರೆ ಆಗುತ್ತಿರಲಿಲ್ಲ. ಅವನು ಗಂಡ ಅನ್ನೋದೂ ಅವರಿಗೆ ತಿಳಿಯದು. 1795ರಲ್ಲಿ ದಂಗೆಯೆದ್ದರು. ಇಬ್ಬರೂ ಇಂಗ್ಲಿಷರ ಸೀಮೆಯತ್ತ ಓಡಿದರು. ಹಿಂದಿನಿಂದ ಪಡೆ ಬಂದಾಗ ಬೇಗಂ ಪಲ್ಲಕ್ಕಿಯೊಳಗೆ ತನ್ನನ್ನೇ ಇರಿದುಕೊಂಡಳು. ರಕ್ತ ಕಂಡ ಲೆವಾಸೂ ಪಿಸ್ತೂಲಿನಿಂದ ಪ್ರಾಣ ಬಿಟ್ಟ. ಅವಳು ಬದುಕಿದಳು. ಅವಳನ್ನು ಫಿರಂಗಿಗೆ ಕಟ್ಟಿಹಾಕಿದರು. ಹಿಂದೆ ಅವಳ ಬಳಿ ಕೆಲಸಕ್ಕಿದ್ದ ಜಾರ್ಜ್ ಥಾಮಸ್ ನೆರವಿಗೆ ಬಂದು ಮತ್ತೆ ಗದ್ದುಗೆಗೆ ಕೂರಿಸಿದ.

ಆಮೇಲೆ ಲೆವಾಸೂ ಹೆಸರನ್ನು ಅವಳು ಇಟ್ಟುಕೊಳ್ಳಲಿಲ್ಲ. ಸಿಂಧುವಾದ ಮದುವೆಯ ಹೆಸರು ಹೋಯ್ತು, ಅಸಿಂಧು ಮದುವೆಯದು ಉಳೀತು. ಸರ್ಧಾನಾದಲ್ಲಿ ದೊಡ್ಡ ಚರ್ಚು ಕಟ್ಟಿಸಿ, 1836ರಲ್ಲಿ ತೀರಿಕೊಂಡು ಅಲ್ಲೇ ಮಲಗಿದ್ದಾಳೆ. 1961ರಲ್ಲಿ ಪೋಪರು ಅದಕ್ಕೆ ಬೆಸಿಲಿಕಾ ಪದವಿ ಕೊಟ್ಟರು.

ಇದನ್ನೆಲ್ಲ ಗೆಳೆಯನಿಗೆ ಹೇಳಿದೆ. ಸುಮ್ಮನೆ ಕೇಳಿದ. ಅಕ್ಕನ ಮದುವೆಯನ್ನು ಸರಿಪಡಿಸುವ ದಾರಿ ಚರ್ಚಿನಲ್ಲೇ ಇದೆ: ಅನುಮತಿ ಪಡೆದು, ಪಾದ್ರಿಯೆದುರು ಇಬ್ಬರೂ ಹೊಸದಾಗಿ ಒಪ್ಪಿಗೆ ಕೊಡಬೇಕು. ಭಾವ ಮತ ಬದಲಿಸಬೇಕಾಗಿಲ್ಲ. ಆದ್ರೆ ಒಂದ್ಸಲ ಆದ ಮದುವೆಗೆ ಮತ್ತೆ ಒಪ್ಪಿಗೆ ಯಾಕೆ ಅಂತ ಭಾವ ಕೇಳ್ತಿದ್ದಾರಂತೆ. ದೀಪಾವಳಿ ರಜೆಗೆ ಅವರು ದೆಹಲಿಗೆ ಬರ್ತಾರೆ. ಸರ್ಧಾನಾಕ್ಕೆ ನಾಲ್ವರೂ ಹೋಗೋಣ ಅಂದಿದ್ದಾನೆ.