ಅಮೀರಬಾಯಿ ಕರ್ನಾಟಕಿ

ಹೊಟ್ಟೆಪಾಡಿಗಾಗಿ ಮುಂಬಯಿ ಸೇರಿದ ನಾವು ಕಚೇರಿಯಲ್ಲೊಂದು, ಪೇಟೆಯಲ್ಲೊಂದು ಭಾಷೆಯನ್ನಾಡುತ್ತ ದಿನ ಕಳೆಯುವವರು. ನಮ್ಮ ಅಡ್ಡಹೆಸರನ್ನು ಯಾರಾದರೂ ತಪ್ಪಾಗಿ ಬರೆದರೂ ತಿದ್ದುವ ಗೋಜಿಗೆ ಹೋಗುವುದಿಲ್ಲ. ಆದರೆ ಕರ್ನಾಟಕವೆಂಬ ರಾಜ್ಯವೇ ನಕಾಶೆಯಲ್ಲಿಲ್ಲದ ಕಾಲದಲ್ಲಿ, ಇದೇ ಮುಂಬಯಿಯಲ್ಲಿ, ಆ ನಾಡನ್ನೇ ಅಡ್ಡಹೆಸರು ಮಾಡಿಕೊಂಡು ಹೆಸರಾದ ಒಬ್ಬ ಹೆಣ್ಣುಮಗಳಿದ್ದರು.

ಅಮೀರಬಾಯಿಯವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದರು. ನಾಟಕ ಸಂಗೀತಗಳ ಗಾಳಿ ಬೀಸಿದ ಮನೆತನ. ಅಕ್ಕ ಗೋಹರಬಾಯಿಯವರು ಬಾಲಗಂಧರ್ವರ ಸಂಗೀತ ನಾಟಕಗಳಲ್ಲಿ ಪಾತ್ರ ವಹಿಸಿ, ಮುಂದೆ ಅವರ ಬಾಳಸಂಗಾತಿಯೂ ಆದರು. ತಂಗಿಗೆ ಒಲಿದದ್ದು ಚಿತ್ರಪಟ. 1934ರ 'ವಿಷ್ಣುಭಕ್ತಿ'ಯಿಂದ ಬೆಳ್ಳಿತೆರೆಗೆ ಬಂದರು. ಆದರೂ ಹಲವು ವರ್ಷ ದೊಡ್ಡ ಹೆಸರೇನೂ ಬರಲಿಲ್ಲ. 1940ರ 'ನರಸೀ ಭಗತ್' ಚಿತ್ರದಲ್ಲಿ, ಗಾಂಧೀಜಿಯವರಿಗೆ ಪ್ರಿಯವಾಗಿದ್ದ ನರಸಿ ಮೆಹತಾನ ಭಜನೆಯನ್ನು ಹಾಡಿದಾಗ ಜನ ತಿರುಗಿ ನೋಡಿದರು.

ಮುಂದೆ 1943ರಲ್ಲಿ ಬಂದಿತು ಬಾಂಬೆ ಟಾಕೀಸಿನ 'ಕಿಸ್ಮತ್'. ಅನಿಲ ಬಿಸ್ವಾಸರ ಸಂಗೀತ, ಕವಿ ಪ್ರದೀಪರ ಗೀತಗಳು. ನಾಯಕಿ ಮುಮ್ತಾಜ್ ಶಾಂತಿಯ ಕಂಠ ನಮ್ಮ ಬೀಳಗಿಯದು! ಪರಕೀಯರನ್ನು ಎಚ್ಚರಿಸುವ ಒಂದು ಹಾಡು ಅದರಲ್ಲಿತ್ತು. ಜರ್ಮನಿ ಜಪಾನುಗಳ ಹೆಸರು ಸೇರಿದ್ದುದರಿಂದ ಸರಕಾರದ ಕತ್ತರಿಗೆ ಅದು ಸಿಕ್ಕಲಿಲ್ಲ. 'ಕ್ವಿಟ್ ಇಂಡಿಯಾ' ಚಳವಳಿಯ ಬಿಸಿಯಲ್ಲಿದ್ದ ಜನಕ್ಕೆ ಮಾತ್ರ ಅದು ಯಾರನ್ನು ಕುರಿತದ್ದೆಂದು ಬೇರೆ ಹೇಳಬೇಕಾಗಿರಲಿಲ್ಲ. ಕಲಕತ್ತೆಯ ರಾಕ್ಸಿ ಚಿತ್ರಮಂದಿರವೊಂದರಲ್ಲೇ ಈ ಚಿತ್ರ ಮೂರು ವರ್ಷಕ್ಕೂ ಮಿಕ್ಕಿ ನಡೆಯಿತು. ದಿನವಿಡೀ ಪರರ ಹಣವೆಣಿಸುವ ನಮಗೆ ಆ ಗಲ್ಲಾಪೆಟ್ಟಿಗೆಯನ್ನು ನೆನೆದರೇ ತಲೆ ತಿರುಗುತ್ತದೆ.

1944ರ 'ರತನ್'ದಲ್ಲಿ ನೌಷಾದರಿಗಾಗಿ ಹಾಡಿದರು. 1946ರ 'ರಾಣಕದೇವಿ'ಯ ಹಾಡಿನಿಂದ ಗುಜರಾತಿಗಳ ಮನೆಮಾತಾದರು; ಇಂದಿಗೂ ಹಳೆಯ ಗುಜರಾತಿ ಕುಟುಂಬಗಳಲ್ಲಿ ಅದನ್ನು ಗುನುಗುವವರಿದ್ದಾರೆ. 1948ರ 'ಶಹನಾಜ್' ಚಿತ್ರಕ್ಕೆ ತಾವೇ ಸಂಗೀತ ಸಂಯೋಜಿಸಿದರು. ಸಂಗೀತ ನಿರ್ದೇಶಕರ ಪೀಠದಲ್ಲಿ ಹೆಂಗಸರು ಕೂಡುವುದು ತೀರ ಅಪರೂಪವಾಗಿದ್ದ ಕಾಲವದು.

ಸಂಸಾರ ಮಾತ್ರ ಸುಖದ್ದಾಗಲಿಲ್ಲ. ನಟನೊಬ್ಬನೊಡನೆ ಆದ ಮೊದಲ ಮದುವೆ ಕಷ್ಟ ಕೊಟ್ಟು ಮುರಿಯಿತು. ಅದನ್ನಿಲ್ಲಿ ಬೆಳೆಸುವುದು ಬೇಡ. ಇತ್ತ ಲತಾ ಮಂಗೇಶಕರರ ಕಾಲ ಆರಂಭವಾಗಿತ್ತು. 1950ರ 'ಸಮಾಧಿ'ಯಲ್ಲಿ ಸಿ. ರಾಮಚಂದ್ರರ ಸಂಗೀತಕ್ಕೆ ಇಬ್ಬರೂ ಕೂಡಿ ಹಾಡಿದ ಯುಗಳಗೀತ ಬಹು ಜನಪ್ರಿಯವಾಯಿತು. ಮುಂದೆ ಹಾಡುವ ಕರೆಗಳು ಕಡಿಮೆಯಾದಂತೆ ಅಮೀರಬಾಯಿಯವರು ಪೋಷಕ ಪಾತ್ರಗಳಿಗೆ ಹೊರಳಿದರು. ಒಂದು ಕಾಲಕ್ಕೆ ಯಾರಿಗಾಗಿ ಚಿತ್ರ ನೋಡಹೋಗುತ್ತಿದ್ದರೋ ಅವರೇ ತೆರೆಯ ಮೂಲೆಯಲ್ಲಿ ನಿಂತರು.

ಗಳಿಸಿದ್ದನ್ನೆಲ್ಲ ಅವರು ಮುಂಬಯಿಯಲ್ಲೇ ಬಿಡಲಿಲ್ಲ. ವಿಜಾಪುರದಲ್ಲಿ 'ಅಮೀರ್ ಟಾಕೀಸ್' ಕಟ್ಟಿಸಿದರು. ಆ ಊರು 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಆಮೇಲೆ ಮೈಸೂರು ರಾಜ್ಯಕ್ಕೆ. ಅಮೀರಬಾಯಿಯವರು 1965ರ ಮಾರ್ಚ್ 3ರಂದು ತೀರಿಕೊಂಡರು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟದ್ದು 1973ರ ನವೆಂಬರ್ 1ರಂದು.